ಮೂಗು ಅಳೆದು "ರೇಸ್" ಹೇಳೋ ಪೋಸ್ಟ್ ಬಂದ್ರೆ ಅದನ್ನ ಚೆಕ್ ಮಾಡೋದ್ ಹೇಗೆ

ಆರ್ಯರ ಮೂಗು ಹಿಂಗೆ, ದ್ರಾವಿಡರ ತಲೆಬುರುಡೆ ಹಂಗೆ, ಮಂಗೋಲಾಯ್ಡ್ (ಪೂರ್ವ ಏಷ್ಯಾದವ್ರಿಗೆ ಇಟ್ಟಿದ್ದ ಹಳೇ ಹೆಸರು) ಕಣ್ಣು ಇನ್ನೊಂಥರ ಅಂತ ಮನುಷ್ಯರನ್ನ ಬೇರೆ ಬೇರೆ "ರೇಸ್", ಅಂದ್ರೆ ಹುಟ್ಟಿನ ಜನಾಂಗಗಳಾಗಿ ಹಂಚೋ ಫಾರ್ವರ್ಡ್‌ಗಳು ಇನ್ನೂ ಓಡಾಡ್ತಾನೇ ಇವೆ. ಬಂದಾಗ ಬೈದು ಡಿಲೀಟ್ ಮಾಡೋ ಬದಲು ಕೆಲವು ಪ್ರಶ್ನೆ ಕೇಳಿ ನೋಡಿ. ಜೈವಿಕ ಮಾನವಶಾಸ್ತ್ರದವರು, ಅಂದ್ರೆ ಮನುಷ್ಯರ ದೇಹದ ವ್ಯತ್ಯಾಸ ಓದೋ ವಿಜ್ಞಾನಿಗಳು, ರೇಸ್ ಅನ್ನೋ ಐಡಿಯಾ ಕೈಬಿಟ್ಟಿದ್ದು ಇದೇ ಪ್ರಶ್ನೆಗಳಿಂದ, ಯಾರಿಗೋ ಬೇಜಾರಾಗುತ್ತೆ ಅಂತ ಅಲ್ಲ. ಜನರಲ್ಲಿ ವ್ಯತ್ಯಾಸನೇ ಇಲ್ಲ ಅಂತ ಅವ್ರು ಯಾವತ್ತೂ ಹೇಳಿಲ್ಲ, ಒಂದು ರೇಸ್‌ಗೂ ಇನ್ನೊಂದಕ್ಕೂ ನಡುವೆ ಗೆರೆ ಎಲ್ಲಿದೆ ತೋರ್ಸಿ ಅಂತ ಕೇಳಿದ್ರು ಅಷ್ಟೆ.

ಮೊದ್ಲು ಕೇಳ್ಬೇಕಾದ್ದು: ಏನನ್ನ ಅಳೆದ್ರು, ಗೆರೆ ಎಳೆದೋರು ಯಾರು? ನಮ್ ದೇಶದ್ದೇ ಉದಾಹರಣೆ ತಗೊಳ್ಳಿ. 1901ರ ಸೆನ್ಸಸ್ ಕಮಿಷನರ್ ಹರ್ಬರ್ಟ್ ರಿಸ್ಲಿ ನಂಬ್ಕೊಂಡಿದ್ದು ಮೂಗಿನ ಇಂಡೆಕ್ಸ್. ಮೂಗಿನ ಅಗಲವನ್ನ ಉದ್ದದಿಂದ ಭಾಗಿಸಿ 100ರಿಂದ ಗುಣಿಸೋದು, 70ಕ್ಕಿಂತ ಕಮ್ಮಿ ಬಂದ್ರೆ ಕಿರಿದು, 85 ದಾಟಿದ್ರೆ ಅಗಲ, ನಡುವಿನದು ಮಧ್ಯಮ. ಜಾತಿ ಮೇಲೆ ಹೋದಷ್ಟೂ ಮೂಗು ಕಿರಿದಾಗುತ್ತೆ ಅನ್ನೋದು ಅವನ ವಾದ. ಮದ್ರಾಸ್ ಮ್ಯೂಸಿಯಂನ ಎಡ್ಗರ್ ಥರ್ಸ್ಟನ್ ಕೂಡ ದಕ್ಷಿಣದಲ್ಲಿ ಕ್ಯಾಲಿಪರ್ (ಅಗಲ ಅಳೆಯೋ ಇಕ್ಕಳದಂಥ ಸಾಧನ) ಹಿಡ್ಕೊಂಡು ಅಳೆದಿದ್ದೇ ಅಳೆದಿದ್ದು. ಈಗ ಒಂದೇ ತಾಯಿ ಮಕ್ಕಳಲ್ಲಿ ಅಣ್ಣಂದು 69.9, ತಮ್ಮಂದು 70.1 ಬಂತು ಅಂದ್ಕೊಳ್ಳಿ, ಇಬ್ರೂ ಬೇರೆ ಬೇರೆ ಡಬ್ಬಿಗೆ ಬೀಳ್ತಾರೆ! ಅಳತೆ ನಿಜ, 70 ಅನ್ನೋ ಗೆರೆ ಮಾತ್ರ ಮನುಷ್ಯ ಎಳೆದಿದ್ದು. ಅದ್ರ ಮೇಲೆ ಮೂಗಿನ ಅಗಲಕ್ಕೂ ಹವೆಗೂ ನಂಟಿದೆ, ಬಿಸಿ ಮತ್ತೆ ತೇವ ಇರೋ ಕಡೆ ಸಾಮಾನ್ಯವಾಗಿ ಅಗಲ, ಚಳಿ ಮತ್ತೆ ಒಣಹವೆ ಇರೋ ಕಡೆ ಕಿರಿದು.

ರಿಸ್ಲಿಯ ಬಂಗಾಳದ ಅಂಕಿಅಂಶಗಳನ್ನ 1933ರಲ್ಲಿ ಸಂಖ್ಯಾಶಾಸ್ತ್ರಜ್ಞ ಪಿ.ಸಿ. ಮಹಾಲನೋಬಿಸ್ ಮತ್ತೆ ಕೆದಕಿ ತಪ್ಪುಗಳನ್ನ ತೋರ್ಸಿದ್ರು. ಅದಕ್ಕೂ ಮುಂಚೆ ಬರ್ಲಿನ್‌ನಲ್ಲಿ ನಮ್ಮ ದೇಶದ ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆ ಮಾಡಿದ್ದು ನಂಗಂತೂ ಇನ್ನೂ ಇಷ್ಟ. ಅವರ ಗೈಡ್ ಓಯ್ಗನ್ ಫಿಷರ್, ಮುಂದೆ ನಾಜಿಗಳ ರೇಸ್ ನೀತಿಗೆ ಬೆನ್ನೆಲುಬಾದ ಮನುಷ್ಯ. ಯುರೋಪಿಯನ್ನರ ಬುರುಡೆಯ ಎಡ-ಬಲ ವ್ಯತ್ಯಾಸ ಜಾಸ್ತಿ, ಅದಕ್ಕೇ ಅವ್ರಿಗೆ ಬುದ್ಧಿ ಜಾಸ್ತಿ ಅನ್ನೋದು ಅವನ ಊಹೆ, ಅದನ್ನ ಸಾಬೀತು ಮಾಡು ಅಂತ ಕೆಲಸ ಕೊಟ್ಟ. ಈಯಮ್ಮ 149 ಬುರುಡೆ ಅಳೆದು, ರೇಸ್‌ಗೂ ಇದಕ್ಕೂ ಸಂಬಂಧ ಕಾಣ್ತಿಲ್ಲ ಅಂತ ಅದೇ ಗೈಡ್‌ಗೆ ಥೀಸಿಸ್ ಬರ್ಕೊಟ್ರು.

ಎರಡನೇ ಪ್ರಶ್ನೆ, ಇನ್ನೊಂದು ಲಕ್ಷಣ ತಗೊಂಡ್ರೆ ಗೆರೆ ಅದೇ ಜಾಗದಲ್ಲಿ ಬೀಳುತ್ತಾ? ಇಲ್ಲೇ ಥಿಯರಿ ಮಗುಚಿ ಬೀಳೋದು. ಚರ್ಮದ ಬಣ್ಣ ನೋಡಿ ಗುಂಪು ಮಾಡಿದ್ರೆ ಆಫ್ರಿಕಾ, ದಕ್ಷಿಣ ಭಾರತ, ಪಾಪುವಾ (ಆಸ್ಟ್ರೇಲಿಯಾದ ಉತ್ತರಕ್ಕಿರೋ ನ್ಯೂಗಿನಿ ದ್ವೀಪದ ಕಡೆ) ಒಟ್ಟಿಗೆ ಬರುತ್ತೆ, ಯಾಕಂದ್ರೆ ಮೂರೂ ಕಡೆ ಬಿಸಿಲಿನ ಯುವಿ (ಅತಿನೇರಳೆ) ಕಿರಣ ಜೋರು, ಆದ್ರೆ ಒಟ್ಟು ಜೀನ್ ಲೆಕ್ಕ ಹಾಕಿದ್ರೆ ಪಾಪುವಾದವ್ರು ಆಫ್ರಿಕಾದವ್ರಿಗಿಂತ ಏಷ್ಯಾದವ್ರಿಗೇ ಹತ್ರ. ಸಿಕಲ್ ಸೆಲ್ ಜೀನ್ (ಕೆಂಪು ರಕ್ತಕಣ ಕುಡುಗೋಲಿನ ಹಂಗೆ ಬಾಗೋ ಕಾಯಿಲೆ ತರೋದು) ಹಿಡ್ಕೊಂಡ್ರೆ ಮ್ಯಾಪ್ ಮತ್ತೆ ಬೇರೆ, ಅದು ಮಲೇರಿಯಾ ಇದ್ದ ಜಾಗಗಳನ್ನ ಹಿಂಬಾಲಿಸುತ್ತೆ. ಅಮೆರಿಕದಲ್ಲಿ ಅದನ್ನ ಬ್ಲ್ಯಾಕ್ ಜನರ ಕಾಯಿಲೆ ಅಂತಿದ್ರು, 1952ರಲ್ಲಿ ನೋಡಿದ್ರೆ ನಮ್ಮ ಪಕ್ಕದ ನೀಲಗಿರಿ ಬುಡಕಟ್ಟುಗಳಲ್ಲೂ ಸಿಕ್ತು, ಗ್ರೀಸ್‌ನಲ್ಲೂ ಇದೆ. 1962ರಲ್ಲಿ ಮಾನವಶಾಸ್ತ್ರಜ್ಞ ಫ್ರಾಂಕ್ ಲಿವಿಂಗ್‌ಸ್ಟನ್ ನೇರವಾಗೇ ಬರೆದ್ರು, ರೇಸ್‌ಗಳಿಲ್ಲ, ಇರೋದು ಕ್ಲೈನ್ ಮಾತ್ರ ಅಂತ. ಅಂದ್ರೆ ಒಂದೊಂದು ಲಕ್ಷಣನೂ ತನ್ನ ಪಾಡಿಗೆ ತಾನು ಊರಿಂದ ಊರಿಗೆ ನಿಧಾನಕ್ಕೆ ಬದಲಾಗ್ತಾ ಹೋಗುತ್ತೆ. ಬೀದರ್‌ನಿಂದ ಚಾಮರಾಜನಗರದವರೆಗೆ ಹಳ್ಳಿ ಹಳ್ಳಿ ದಾಟ್ಕೊಂಡ್ ಬಂದ್ರೆ ಕನ್ನಡ ಬದಲಾಗ್ತಾ ಬರುತ್ತಲ್ಲ ಹಂಗೆ, ಬೀದರ್ ಕನ್ನಡ ಇಲ್ಲಿಗೆ ಮುಗೀತು ಅಂತ ಬೋರ್ಡ್ ಎಲ್ಲೂ ಇರಲ್ಲ.

ಅಳೆದ ಲಕ್ಷಣ ತಲೆಮಾರಿಗೆ ಬದಲಾಗುತ್ತಾ ಅಂತಾನೂ ನೋಡಿ. ನ್ಯೂಯಾರ್ಕ್‌ಗೆ ವಲಸೆ ಬಂದವರನ್ನ ಮತ್ತೆ ಅವರ ಮಕ್ಕಳನ್ನ ಮಾನವಶಾಸ್ತ್ರಜ್ಞ ಫ್ರಾಂಜ್ ಬೋಆಸ್ ಅಳೆದಾಗ ಅಲ್ಲೇ ಹುಟ್ಟಿದ ಮಕ್ಕಳ ತಲೆ ಆಕಾರ ಅಪ್ಪ-ಅಮ್ಮನದಕ್ಕಿಂತ ಸ್ವಲ್ಪ ಬೇರೆ ಬಂತು. ಎಷ್ಟು ಬೇರೆ ಅನ್ನೋದಕ್ಕೆ 2002-03ರಲ್ಲೂ ಜಗಳ ಆಗಿದೆ, ಹಂಗಾಗಿ ಇದೊಂದನ್ನೇ ಹಿಡ್ಕೊಂಡು ವಾದಕ್ಕೆ ಇಳೀಬೇಡಿ.

ಈಗ ಕಷ್ಟದ ವಾದ. "ಡಿಎನ್ಎ ಟೆಸ್ಟ್ ಮಾಡಿದ್ರೆ ಯಾವ ಖಂಡದವ್ರು ಅಂತ ಹೇಳುತ್ತಲ್ಲ ಮತ್ತೆ?" ಹೇಳುತ್ತೆ, ಒಪ್ಕೊಳ್ಳಿ. 1972ರಲ್ಲಿ ತಳಿವಿಜ್ಞಾನಿ ರಿಚರ್ಡ್ ಲೆವಾಂಟಿನ್ ಲೆಕ್ಕ ಹಾಕಿ, ಮನುಷ್ಯರ ಒಟ್ಟು ಜೆನೆಟಿಕ್ ವ್ಯತ್ಯಾಸದಲ್ಲಿ ಸುಮಾರು 85% ಒಂದೊಂದು ಸಮುದಾಯದ ಒಳಗೇ ಇದೆ, ರೇಸ್‌ಗಳ ನಡುವೆ ಇರೋದು ಹತ್ತಿರ ಹತ್ತಿರ 6% ಅಂದ್ರು. 2003ರಲ್ಲಿ ಇನ್ನೊಬ್ಬ ತಳಿವಿಜ್ಞಾನಿ ಎ.ಡಬ್ಲ್ಯೂ.ಎಫ್. ಎಡ್ವರ್ಡ್ಸ್ ತಿರುಗಿಸಿ ಹೇಳಿದ್ದು, ಜೀನ್‌ಗಳನ್ನ ಬಿಡಿಬಿಡಿಯಾಗಿ ನೋಡ್ಬೇಡಿ, ಒಟ್ಟಿಗೆ ನೋಡಿದ್ರೆ ಗುಂಪು ಹಿಡೀಬಹುದು ಅಂತ. ಅದೂ ಸರಿನೇ. ಆದ್ರೆ ಎಷ್ಟು ಗುಂಪು? 2002ರಲ್ಲಿ ನೋವಾ ರೋಸನ್‌ಬರ್ಗ್ ತಂಡ 52 ಸಮುದಾಯಗಳ 1056 ಜನರ ಡಿಎನ್ಎನ ಸಾಫ್ಟ್‌ವೇರ್‌ಗೆ ಹಾಕಿದಾಗ, ಐದು ಗುಂಪು ಮಾಡು ಅಂದ್ರೆ ಹೆಚ್ಚುಕಮ್ಮಿ ಖಂಡಗಳ ಪ್ರಕಾರ ಬಂತು, ಆರು ಮಾಡು ಅಂದ್ರೆ ಆರನೇದು ಪಾಕಿಸ್ತಾನದ ಬೆಟ್ಟದಲ್ಲಿರೋ ಕಲಾಶ್ ಅನ್ನೋ ಸಣ್ಣ ಸಮುದಾಯ! ಪೋಸ್ಟ್ ಹಾಕಿದವ್ರನ್ನ ಕೇಳಿ, ಅವ್ರದ್ದೂ ಒಂದು ರೇಸಾ ಅಂತ. ಪೂರ್ವಜರು ಯಾವ ಕಡೆಯವ್ರು ಅಂತ ಪತ್ತೆ ಹಚ್ಚೋದೇ ಬೇರೆ, ಮನುಷ್ಯರಲ್ಲಿ ಇಂತಿಷ್ಟೇ ರೇಸ್ ಅಂತ ಎಣಿಸೋದೇ ಬೇರೆ.

ಎಕ್ಸಾಮ್‌ಗೆ ಓದ್ತಿರೋರು ಅಮೆರಿಕದ ದೈಹಿಕ ಮಾನವಶಾಸ್ತ್ರಜ್ಞರ ಸಂಘದ 1996ರ ಮತ್ತೆ 2019ರ ಹೇಳಿಕೆಗಳನ್ನ ಹುಡುಕಿ ಓದ್ಕೊಳ್ಳಿ, 2019ರದ್ದು ಇನ್ನೂ ಖಡಕ್ಕಾಗಿದೆ, ರೇಸ್‌ನಿಂದ ಆಗೋ ತಾರತಮ್ಯ ಮೈಮೇಲೆ ಹೇಗೆ ಪರಿಣಾಮ ಮಾಡುತ್ತೆ ಅಂತಾನೂ ಅದ್ರಲ್ಲಿದೆ.

ಇನ್ನು ನೀವೇ ಬರೆಯೋವಾಗ ರೇಸ್ ಹೆಸರಿನ ಬದಲು ಸಮುದಾಯ ಮತ್ತೆ ಊರು ಹೇಳಿ, "ನೆಗ್ರಿಟೋ ಲಕ್ಷಣ" (ಕುಳ್ಳಗೆ ಕಪ್ಪಗಿರೋ ಬುಡಕಟ್ಟು ಜನರಿಗೆ ಇಟ್ಟಿದ್ದ ಹಳೇ ರೇಸ್ ಹೆಸರು) ಅನ್ನೋ ಬದಲು "ಎಚ್.ಡಿ. ಕೋಟೆಯ ಜೇನುಕುರುಬರು" ಅನ್ನಿ. ಆಸ್ಪತ್ರೆ ವಿಷ್ಯದಲ್ಲಂತೂ ಮುಖ ನೋಡಿ ಊಹೆ ಮಾಡೋದು ಬೇಡ್ವೇ ಬೇಡ. ಅಮೆರಿಕದಲ್ಲಿ ಕಿಡ್ನಿಯ ಇಜಿಎಫ್ಆರ್ (ಕಿಡ್ನಿ ರಕ್ತ ಎಷ್ಟು ಚೆನ್ನಾಗಿ ಸೋಸುತ್ತೆ ಅನ್ನೋ ಅಂದಾಜು) ಲೆಕ್ಕಕ್ಕೆ ಬ್ಲ್ಯಾಕ್ ಪೇಷಂಟ್ ಆದ್ರೆ ನಂಬರ್ ಜಾಸ್ತಿ ಮಾಡ್ತಿದ್ರು, ಕಿಡ್ನಿ ಇರೋದಕ್ಕಿಂತ ಚೆನ್ನಾಗಿದೆ ಅಂತ ಕಾಣ್ಸೋದು, 2021ರಲ್ಲಿ ಅದನ್ನ ತೆಗೀರಿ ಅಂತ ಕಿಡ್ನಿ ಡಾಕ್ಟರ್‌ಗಳ ಸಂಘಗಳೇ ಹೇಳಿದ್ವು. ಸಿಕಲ್ ಸೆಲ್‌ಗೂ ಅಷ್ಟೇ, 2023ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಸಿಕಲ್ ಸೆಲ್ ಮಿಷನ್‌ನಲ್ಲಿ ಬುಡಕಟ್ಟು ಪ್ರದೇಶಗಳಲ್ಲಿ 40 ವರ್ಷದವರೆಗಿನವ್ರಿಗೆ ರಕ್ತ ಪರೀಕ್ಷೆ ಮಾಡ್ತಾರೆ, ನಮ್ಮ ರಾಜ್ಯನೂ ಅದ್ರಲ್ಲಿದೆ, ನಿಮ್ಮ ಪರಿಚಯದವ್ರು ಅಂಥ ಕಡೆ ಇದ್ರೆ ಪರೀಕ್ಷೆಗೆ ಕಳ್ಸಿ.