2015ರ ರಾಯಲ್ಸ್ ಟ್ರೇಡ್‌ಗಳನ್ನು ನಾನು ಹಿಂದಿನಿಂದ ಓದಿದ ಬಗೆ

ಅಮೆರಿಕದ ಬೇಸ್‌ಬಾಲ್ ತಂಡ ಕಾನ್ಸಾಸ್ ಸಿಟಿ ರಾಯಲ್ಸ್ 2015ರಲ್ಲಿ ವರ್ಲ್ಡ್ ಸೀರೀಸ್, ಅಂದರೆ ಅಲ್ಲಿನ ಫೈನಲ್ ಸರಣಿ, ಗೆದ್ದಿತು. 1985ರ ನಂತರ ಅದೇ ಮೊದಲು. ಆ ತಂಡದ ಬಗ್ಗೆ ಮಾತು ಬಂದಾಗೆಲ್ಲ ಜನ ಒಂದೊಂದೇ ಟ್ರೇಡ್ ತೆಗೆದುಕೊಂಡು ಯಾರಿಗೆ ಲಾಭ, ಯಾರಿಗೆ ನಷ್ಟ ಅಂತ ತೀರ್ಪು ಕೊಡುತ್ತಾರೆ. ನನಗೆ ಅದು ಸಾಲದು ಅನ್ನಿಸಿತು. ಹಾಗಾಗಿ ಕೊನೆಯ ಪಂದ್ಯದಿಂದ ಶುರು ಮಾಡಿ ಹಿಂದಕ್ಕೆ ಹೋದೆ.

ಬೇಸ್‌ಬಾಲ್ ಹೊಸದಾದವರಿಗೆ ಒಂದು ಮಾತು. ಐಪಿಎಲ್‌ನಂತೆ ಇಲ್ಲಿ ಹರಾಜಿಲ್ಲ. ತಂಡಗಳು ಆಟಗಾರರನ್ನು ನೇರವಾಗಿ ಅದಲು ಬದಲು ಮಾಡಿಕೊಳ್ಳುತ್ತವೆ, ಇನ್ನೂ ಕೆಳ ಹಂತದ ಮೈನರ್ ಲೀಗ್‌ನಲ್ಲಿರುವ ಹುಡುಗರನ್ನೂ ಸೇರಿಸಿ. ಇದೇ ಟ್ರೇಡ್.

ನಾನು ಮಾಡಿದ್ದು ಇಷ್ಟೇ. ಒಂದು ಹಾಳೆಯಲ್ಲಿ ಗೆದ್ದ ತಂಡದ ಆಟಗಾರರ ಹೆಸರು ಬರೆದೆ. ಪ್ರತಿ ಹೆಸರಿನ ಪಕ್ಕ ಅವನು ಹೇಗೆ ಬಂದ, ಅವನಿಗಾಗಿ ಯಾರನ್ನು ಕೊಟ್ಟರು, ಹಾಗೆ ಕೊಟ್ಟವರು ಮೊದಲು ಎಲ್ಲಿಂದ ಬಂದಿದ್ದರು ಅಂತ ಬರೆಯುತ್ತಾ ಹೋದೆ. ಬೇಸ್‌ಬಾಲ್ ರೆಫರೆನ್ಸ್ ಅನ್ನುವ ವೆಬ್‌ಸೈಟ್‌ನಲ್ಲಿ ಎಲ್ಲ ಆಟಗಾರರ ಟ್ರೇಡ್ ವಿವರ ಸಿಗುತ್ತದೆ. ಇನ್ನೊಂದು ಕಾಲಂನಲ್ಲಿ ಆ ದಿನ ಗೊತ್ತಿದ್ದದ್ದು ಮಾತ್ರ. ಈ ಕಾಲಂ ತುಂಬಾ ಮುಖ್ಯ, ಯಾಕಂದ್ರೆ ಫಲಿತಾಂಶ ಗೊತ್ತಾದ ಮೇಲೆ ಎಲ್ಲ ನಿರ್ಧಾರವೂ ಸುಲಭವಾಗಿಯೇ ಕಾಣುತ್ತದೆ, ಅಲ್ವಾ?

ಕೊನೆಯ ಪಂದ್ಯ ನ್ಯೂಯಾರ್ಕ್‌ನಲ್ಲಿ, ಮೆಟ್ಸ್ ವಿರುದ್ಧ. ಮಾಮೂಲಿ 9 ಇನ್ನಿಂಗ್ಸ್ ಮುಗಿದರೂ ಸಮ ಇದ್ದದ್ದರಿಂದ ಆಟ ಮುಂದುವರಿಯಿತು, 12ನೇ ಇನ್ನಿಂಗ್ಸ್‌ನಲ್ಲಿ ರಾಯಲ್ಸ್ 5 ರನ್ ಹೊಡೆದು 7-2ರಲ್ಲಿ ಗೆದ್ದರು. ಅಲ್ಸಿಡೆಸ್ ಎಸ್ಕೋಬಾರ್ ಡಬಲ್ (ಬ್ಯಾಟರ್ ಎರಡನೇ ಬೇಸ್ ತಲುಪುವ ಹೊಡೆತ) ಹೊಡೆದ. ಲೊರೆಂಜೊ ಕೇನ್ ಇನ್ನೊಂದು ಡಬಲ್ ಹೊಡೆದು ಮೂರು ರನ್ ತಂದ. ಕೊನೆಯ ಔಟ್‌ಗಳನ್ನು ವೇಡ್ ಡೇವಿಸ್ ಪಡೆದ. ಈ ಮೂವರ ಹೆಸರಿನಿಂದ ಗೆರೆ ಎಳೆಯುತ್ತಾ ಹೋದರೆ ಮೂರೂ ಒಂದೇ ಕಡೆ ಸೇರುತ್ತವೆ. 2010ರ ಡಿಸೆಂಬರ್.

ಆಗ ರಾಯಲ್ಸ್ ತಮ್ಮ ದೊಡ್ಡ ಪಿಚರ್ (ಚೆಂಡು ಎಸೆಯುವವ) ಝ್ಯಾಕ್ ಗ್ರೈಂಕಿಯನ್ನು ಮಿಲ್ವಾಕೀಗೆ ಕೊಟ್ಟರು. 2009ರಲ್ಲಿ ಲೀಗ್‌ನ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಗೆದ್ದವನು. ಬದಲಿಗೆ ಬಂದವರು ಕೇನ್, ಎಸ್ಕೋಬಾರ್, ಜೆರೆಮಿ ಜೆಫ್ರೆಸ್, ಜೇಕ್ ಒಡೊರಿಜ್ಜಿ. 2012ರ ಡಿಸೆಂಬರ್‌ನಲ್ಲಿ ಅದೇ ಒಡೊರಿಜ್ಜಿ, ವಿಲ್ ಮೈಯರ್ಸ್ ಮತ್ತೆ ಇಬ್ಬರನ್ನು ಟ್ಯಾಂಪಾ ಬೇಗೆ ಕೊಟ್ಟು ಜೇಮ್ಸ್ ಶೀಲ್ಡ್ಸ್ ಮತ್ತು ಡೇವಿಸ್‌ನನ್ನು ತಂದರು. ಜನರಲ್ ಮ್ಯಾನೇಜರ್ ಡೇಟನ್ ಮೂರ್‌ಗೆ ಆಗ ಬಿದ್ದ ಬೈಗುಳ ಕಡಿಮೆಯಲ್ಲ. ಮುಂದಿನ ವರ್ಷ ಮೈಯರ್ಸ್ ಅಮೆರಿಕನ್ ಲೀಗ್‌ನ ಅತ್ಯುತ್ತಮ ಹೊಸ ಆಟಗಾರ ಅನ್ನಿಸಿಕೊಂಡ, ಡೇವಿಸ್ ಮಾತ್ರ ಆರಂಭದ ಪಿಚರ್ ಆಗಿ ಪರದಾಡಿದ, ಅವನ ಇಆರ್‌ಎ (9 ಇನ್ನಿಂಗ್ಸ್‌ಗೆ ಬಿಟ್ಟುಕೊಡುವ ಸರಾಸರಿ ರನ್, ಕಡಿಮೆ ಇದ್ದಷ್ಟೂ ಒಳ್ಳೆಯದು) 5.32. ಆ ದಿನಕ್ಕೆ ನಿಂತು ನೋಡಿದರೆ ಇದು ಸೋತ ಟ್ರೇಡ್.

2014ರಲ್ಲಿ ಡೇವಿಸ್‌ನನ್ನು ಕೊನೆಯ ಇನ್ನಿಂಗ್ಸ್‌ಗಳಿಗೆ ಬದಲಾಯಿಸಿದರು. ಇಆರ್‌ಎ 1.00ಕ್ಕೆ ಇಳಿಯಿತು, 2015ರಲ್ಲಿ 0.94. ಶೀಲ್ಡ್ಸ್‌ಗಾಗಿ ಮಾಡಿದ ಟ್ರೇಡ್ ಅಂತಲೇ ಎಲ್ಲರೂ ಕರೆಯುತ್ತಿದ್ದರು, ಆದರೆ ಗೆದ್ದ ವರ್ಷ ಶೀಲ್ಡ್ಸ್ ತಂಡದಲ್ಲೇ ಇರಲಿಲ್ಲ. 2014ರಲ್ಲಿ ತಂಡವನ್ನು ಫೈನಲ್‌ವರೆಗೆ ಕರೆತಂದವರಲ್ಲಿ ಅವನೂ ಒಬ್ಬ, ಆಮೇಲೆ ಸ್ಯಾನ್ ಡಿಯೇಗೊಗೆ ಹೋದ. ಟ್ರೇಡ್‌ನ ಹೆಸರಲ್ಲೇ ಬರದ ಆಟಗಾರನ ಕಡೆಗೂ ನೋಡಬೇಕು ಅಂತ ನಾನು ಹಟ ಹಿಡಿಯುವುದು ಇದಕ್ಕೇ.

2015ರ ಜುಲೈ ಟ್ರೇಡ್‌ಗಳು ಬೇರೆ ಜಾತಿ. ಸಿನ್ಸಿನಾಟಿಯಿಂದ ಜಾನಿ ಕ್ವೇಟೊ, ಓಕ್ಲೆಂಡ್‌ನಿಂದ ಬೆನ್ ಝೋಬ್ರಿಸ್ಟ್. ಇಬ್ಬರೂ ಆ ಸೀಸನ್ ಮುಗಿಯುವವರೆಗೆ ಮಾತ್ರ. ಕ್ವೇಟೊ ಲೀಗ್ ಪಂದ್ಯಗಳಲ್ಲಿ 4 ಗೆದ್ದು 7 ಸೋತ. ಟೊರಾಂಟೊದಲ್ಲಿ 8 ರನ್ ಬಿಟ್ಟುಕೊಟ್ಟ. ಆದರೆ ಹ್ಯೂಸ್ಟನ್ ವಿರುದ್ಧ ಸೋತರೆ ಮನೆಗೆ ಅನ್ನುವ ಪಂದ್ಯದಲ್ಲಿ 8 ಇನ್ನಿಂಗ್ಸ್ ಹಾಕಿ ಕೊನೆಯ 19 ಬ್ಯಾಟರ್‌ಗಳನ್ನು ಸಾಲಾಗಿ ಔಟ್ ಮಾಡಿದ. ವರ್ಲ್ಡ್ ಸೀರೀಸ್‌ನ ಎರಡನೇ ಪಂದ್ಯದಲ್ಲಿ ಪೂರ್ತಿ 9 ಇನ್ನಿಂಗ್ಸ್, ಬರೀ 2 ಹಿಟ್. ಅವನ ಸರಾಸರಿ ಲೆಕ್ಕ ಹಾಕಿದರೆ ಈ ಟ್ರೇಡ್ ಅರ್ಥವೇ ಆಗುವುದಿಲ್ಲ, ಆ ಎರಡು ರಾತ್ರಿ ನೋಡಬೇಕು.

ಬೆಲೆ ಕೊಟ್ಟದ್ದು ನಿಜ. ಝೋಬ್ರಿಸ್ಟ್‌ಗಾಗಿ ಓಕ್ಲೆಂಡ್‌ಗೆ ಹೋದ ಪಿಚರ್ ಶಾನ್ ಮನಾಯಾ 2018ರಲ್ಲಿ ಬಾಸ್ಟನ್ ವಿರುದ್ಧ ನೋ ಹಿಟ್ಟರ್ (ಇಡೀ ಪಂದ್ಯದಲ್ಲಿ ಒಂದೂ ಹಿಟ್ ಕೊಡದ ಆಟ) ಹಾಕಿದ. ನನ್ನ ಹಾಳೆಯಲ್ಲಿ ಅದನ್ನೂ ಬರೆದಿದ್ದೇನೆ. ಆದರೂ ನನ್ನನ್ನು ಕೇಳಿದರೆ ಮೂರ್ ಮತ್ತೆ ಅದನ್ನೇ ಮಾಡಬೇಕು.

ಗೆರೆಗಳು ಅಲ್ಲಿಗೆ ನಿಲ್ಲಲೂ ಇಲ್ಲ. 2016ರ ಡಿಸೆಂಬರ್‌ನಲ್ಲಿ ಡೇವಿಸ್‌ನನ್ನು ಶಿಕಾಗೊ ಕಬ್ಸ್‌ಗೆ ಕೊಟ್ಟು ಹೋರ್ಹೆ ಸೋಲೇರ್‌ನನ್ನು ತಂದರು. ಅವನು 2019ರಲ್ಲಿ ರಾಯಲ್ಸ್‌ಗಾಗಿ 48 ಹೋಮ್ ರನ್ ಹೊಡೆದ. 2021ರಲ್ಲಿ ಅವನನ್ನೂ ಅಟ್ಲಾಂಟಾಗೆ ಕಳಿಸಿದರು, ಅಲ್ಲಿ ವರ್ಲ್ಡ್ ಸೀರೀಸ್‌ನ ಶ್ರೇಷ್ಠ ಆಟಗಾರನಾದ. ಈಗ ಆ ಅಟ್ಲಾಂಟಾ ತಂಡದ ಹಾಳೆ ಶುರು ಮಾಡಿದ್ದೇನೆ.