149 ಅಂದರೆ ಪ್ಲಾಸ್ಟಿಕ್: ಸೊಗದೆ ಬೇರಿನ ಹಿಂದೆ ಬಿದ್ದ ನನ್ನ ಅನುಭವ

ನಾಲ್ಕು ತಿಂಗಳು ಕಷ್ಟಪಟ್ಟು ಬೇರಿನಿಂದ ಬೇರ್ಪಡಿಸಿದ ವಸ್ತು ಅದು. ಗಾಜಿನ ಪುಟ್ಟ ಸೀಸೆಯ ತಳದಲ್ಲಿ ಎಣ್ಣೆಯ ಹನಿಯಂತೆ ಕೂತಿತ್ತು. ಪರೀಕ್ಷೆಗೆ ಬೆಂಗಳೂರಿಗೆ ಕಳಿಸಿದ್ದೆವು. ವರದಿ ಬಂದ ದಿನ ನಮ್ಮ ಗೈಡ್ ಮೇಡಂ ಮಾಸ್ ಸ್ಪೆಕ್ಟ್ರಮ್‌ನ, ಅಂದರೆ ಅಣುವನ್ನು ಒಡೆದು ಚೂರುಗಳ ತೂಕವನ್ನು ಗೆರೆಗಳಾಗಿ ತೋರಿಸುವ ಪರೀಕ್ಷೆಯ, ಹಾಳೆ ಬಿಡಿಸಿದರು. ಎಲ್ಲಕ್ಕಿಂತ ಎತ್ತರದ ಗೆರೆಯ ಮೇಲೆ ಬೆರಳಿಟ್ಟು, "149ಆ? ಅಯ್ಯೋ" ಅಂದರು. ನಾನು ಹೊಸ ಔಷಧಿ ಸಿಕ್ಕಿತು ಅಂತ ಕಾಯುತ್ತಿದ್ದೆ. ಅವರು, "ಇದು ಗಿಡದ್ದಲ್ಲ ಕಣೇ, ನಿನ್ನ ಪ್ಲಾಸ್ಟಿಕ್ ಬಾಟಲಿದು" ಅಂದರು.

ಹಾಸನದಲ್ಲಿ ಎಂ.ಎಸ್ಸಿ. ಪ್ರಾಜೆಕ್ಟ್‌ಗೆ ನಾನು ಆರಿಸಿಕೊಂಡಿದ್ದು ಸೊಗದೆ ಬೇರು. ಬೇಸಿಗೆಯಲ್ಲಿ ಶರಬತ್ತು ಮಾಡ್ತಾರಲ್ಲ, ಅದೇ. ಬೇಲೂರು ಕಡೆಯ ನಮ್ಮ ಅಜ್ಜಿ ಮೈ ಉರಿಗೆ, ಉರಿಮೂತ್ರಕ್ಕೆ ಇದನ್ನೇ ಕೊಡುತ್ತಿದ್ದಳು. ಅದರೊಳಗೆ ಏನಿದೆ, ಅದು ಬ್ಯಾಕ್ಟೀರಿಯಾವನ್ನು ತಡೆಯುತ್ತದಾ ಅನ್ನೋದು ನನ್ನ ಪ್ರಶ್ನೆ. ಊರಿಗೆ ಹೋಗಿ ಅಗೆಯಲು ಸೋಮಾರಿತನ. ಪೇಟೆಯ ಗ್ರಂಧಿಗೆ ಅಂಗಡಿಯಲ್ಲಿ ಒಂದು ಕೆಜಿ ಒಣ ಬೇರು ಕೊಂಡು ತಂದೆ.

ಕೆಲಸದ ಕ್ರಮ ಹೀಗೆ. ಬೇರು ಪುಡಿ ಮಾಡಿ, ಬಿಸಿ ದ್ರಾವಕವನ್ನು ಮತ್ತೆ ಮತ್ತೆ ಹಾಯಿಸುವ ಸಾಕ್ಸ್‌ಲೆಟ್ ಎಂಬ ಉಪಕರಣಕ್ಕೆ ಹಾಕಿ ಮೊದಲು ಹೆಕ್ಸೇನ್, ಆಮೇಲೆ ಈಥೈಲ್ ಅಸಿಟೇಟ್, ಕೊನೆಗೆ ಮೆಥನಾಲ್. ಒಂದೊಂದು ದ್ರಾವಕ ಒಂದೊಂದು ಬಗೆಯ ವಸ್ತುವನ್ನು ಎಳೆದುಕೊಳ್ಳುತ್ತದೆ. ಹೆಕ್ಸೇನ್‌ಗೆ ಕೊಬ್ಬು, ಮೇಣ. ಮೆಥನಾಲ್‌ಗೆ ಸಕ್ಕರೆ, ಟ್ಯಾನಿನ್‌ನಂಥವು. ದ್ರಾವಕ ಆವಿಯಾದ ಮೇಲೆ ಉಳಿಯುವ ಅಂಟಂಟು ಸಾರವನ್ನು ಬ್ಯಾಕ್ಟೀರಿಯಾ ಹಚ್ಚಿದ ಪ್ಲೇಟ್‌ನಲ್ಲಿ ತೂತು ಕೊರೆದು ಹಾಕಿ ನೋಡಬೇಕು. ಯಾವ ಸಾರ ಕೆಲಸ ಮಾಡುತ್ತದೋ ಅದನ್ನು ಸಿಲಿಕಾ ತುಂಬಿದ ಗಾಜಿನ ಕೊಳವೆಯಲ್ಲಿ (ಇದಕ್ಕೇ ಕಾಲಂ ಅನ್ನೋದು) ಇಳಿಸಿ ಇಪ್ಪತ್ತು ಮೂವತ್ತು ಪಾಲು ಮಾಡಬೇಕು. ಪ್ರತಿ ಪಾಲನ್ನೂ ಮತ್ತೆ ಪ್ಲೇಟಿಗೆ ಹಾಕಬೇಕು. ಕೆಲಸ ಮಾಡಿದ ಪಾಲನ್ನು ಮತ್ತೆ ಒಡೆಯಬೇಕು. ಕಳ್ಳನನ್ನು ಹುಡುಕಲು ಊರು, ಬೀದಿ, ಮನೆ ಅಂತ ಹತ್ತಿರವಾಗುತ್ತಾ ಹೋಗೋ ಹಾಗೆ.

ನನ್ನ ಮೊದಲ ಪ್ಲೇಟ್‌ನಲ್ಲಿ ತೂತಿನ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ಚಂದದ ಖಾಲಿ ಉಂಗುರ ಬಂತು. ಕುಣಿದುಬಿಟ್ಟೆ. ಪಕ್ಕದಲ್ಲಿ ಬರೀ ಮೆಥನಾಲ್ ಹಾಕಿದ ತೂತಿನ ಸುತ್ತಲೂ ಸಣ್ಣ ಉಂಗುರ ಇತ್ತು, ಅಂದರೆ ದ್ರಾವಕವೇ ಬ್ಯಾಕ್ಟೀರಿಯಾವನ್ನು ಸ್ವಲ್ಪ ತಡೆದಿತ್ತು. ಅದನ್ನು ನೋಡಿಯೂ ನೋಡದವಳ ಹಾಗೆ ಇದ್ದೆ. ಈಗ ಯಾರಾದರೂ "ನಮ್ಮ ಸೊಪ್ಪಿನ ರಸ ಬ್ಯಾಕ್ಟೀರಿಯಾ ಕೊಲ್ಲುತ್ತೆ" ಅಂದರೆ ನನಗೆ ಅಂಥ ಉತ್ಸಾಹ ಬರೋದಿಲ್ಲ. ವಿನೆಗರ್ ಹಾಕಿದರೂ ಸಾಯುತ್ತವೆ. ಎಷ್ಟು ಕಡಿಮೆ ಪ್ರಮಾಣದಲ್ಲಿ ತಡೆಯುತ್ತದೆ, ಮನುಷ್ಯರ ಜೀವಕೋಶಕ್ಕೆ ಏನು ಮಾಡುತ್ತದೆ ಅನ್ನೋದು ಗೊತ್ತಾಗೋ ತನಕ ಅದು ಔಷಧಿ ಅಲ್ಲ, ಬರೀ ಉಂಗುರ.

ಇನ್ನು ಆ 149ರ ಕತೆ. ಪ್ಲಾಸ್ಟಿಕ್ ಮೆತ್ತಗಿರಲಿ ಅಂತ ಥ್ಯಾಲೇಟ್ ಎಂಬ ವಸ್ತುಗಳನ್ನು ಬೆರೆಸುತ್ತಾರೆ. ಅವು ಸಾವಯವ ದ್ರಾವಕಕ್ಕೆ ಸಲೀಸಾಗಿ ಇಳಿದು ಬರುತ್ತವೆ. ಮಾಸ್ ಸ್ಪೆಕ್ಟ್ರಮ್‌ನಲ್ಲಿ ಅವು ಒಡೆದಾಗ 149ರ ಚೂರು ಎದ್ದು ಕಾಣುತ್ತದೆ, ಹೆಚ್ಚುಕಡಿಮೆ ಹೆಬ್ಬೆಟ್ಟಿನ ಗುರುತಿನ ಹಾಗೆ. ನಾನು ಹೆಕ್ಸೇನ್ ಇಟ್ಟುಕೊಂಡಿದ್ದು ಪ್ಲಾಸ್ಟಿಕ್ ಕ್ಯಾನ್‌ನಲ್ಲಿ, ಕಾಲಂಗೆ ಜೋಡಿಸಿದ್ದು ಪ್ಲಾಸ್ಟಿಕ್ ಪೈಪು. ಲೀಟರ್‌ಗಟ್ಟಲೆ ದ್ರಾವಕ ಇಳಿಸಿ, ಆವಿ ಮಾಡಿ, ಕೊನೆಗೆ ಹನಿಯಷ್ಟು ಉಳಿಸಿದರೆ ಅದರಲ್ಲಿ ಜಾಸ್ತಿ ಇರೋದು ಇದೇ. ಮೇಡಂ ಬೇರೇ ಹಾಕದೆ ಇಡೀ ಕೆಲಸ ಮತ್ತೊಮ್ಮೆ ಮಾಡಿಸಿದರು. ಖಾಲಿ ಸಿಲಿಕಾ, ಅದೇ ಹೆಕ್ಸೇನ್, ಅದೇ ಪೈಪು. ಬೆರಕೆಯನ್ನು ಬೇರೆ ಬೇರೆ ಎತ್ತರದ ಚುಕ್ಕಿಗಳಾಗಿ ಬಿಡಿಸುವ ಟಿಎಲ್‌ಸಿ ಪ್ಲೇಟನ್ನು ಯುವಿ ದೀಪದ ಕೆಳಗೆ ಹಿಡಿದರೆ ಅದೇ ಎತ್ತರದಲ್ಲಿ ಅದೇ ಚುಕ್ಕಿ. ಗಿಡದಿಂದ ಥ್ಯಾಲೇಟ್ ಸಿಕ್ಕಿತು ಅಂತ ಬರೆದ ಪ್ರಬಂಧಗಳು ಈಗಲೂ ಬರುತ್ತವೆ. ಓದಿದಾಗಲೆಲ್ಲ ನನಗೆ ಆ ಪೈಪು ನೆನಪಾಗುತ್ತದೆ.

ಬೇಜಾರಾಗಿ ಊರಿಗೆ ಹೋದೆ. ಉಳಿದಿದ್ದ ಬೇರಿನ ಚೂರು ಚೀಲದಲ್ಲೇ ಇತ್ತು. ಅಜ್ಜಿ ಒಂದು ಚೂರು ತೆಗೆದು ಮೂಸಿದಳು, ಬಾಯಿಗೆ ಹಾಕಿ ಜಗಿದಳು, ಉಗುಳಿದಳು.

"ಇದು ಸೊಗದೆ ಅಲ್ಲ ಕಣವ್ವ, ಮಾಕಳಿ. ನಾಲಿಗೆ ಚುರುಗುಟ್ಟುತ್ತೆ ನೋಡು."

"ವಾಸನೆ ಅದೇ ಇದೆಯಲ್ಲಜ್ಜಿ?"

"ವಾಸನೆ ಒಂದೇ. ಬೇರು ಬೇರೆ."

ಮಾಕಳಿ ಅಂದರೆ ಉಪ್ಪಿನಕಾಯಿ ಹಾಕುವ ದಪ್ಪ ಬೇರು. ಸೊಗದೆ ಸಣ್ಣ ತಂತಿಯಂಥ ನಾರು ಬೇರು. ಹಸಿಯಾಗಿದ್ದರೆ ಮಕ್ಕಳೂ ಗುರುತು ಹಿಡಿಯಬಹುದು, ಒಣಗಿಸಿ ಕತ್ತರಿಸಿದರೆ ಕಷ್ಟ. ಸೊಗದೆಯ ಬದಲು ಮಾಕಳಿ ಮಾರೋದು ವ್ಯಾಪಾರದಲ್ಲಿ ಹಳೆಯ ಸಂಗತಿ ಅಂತ ಆಮೇಲೆ ಓದಿದೆ. ಅಂದರೆ ವಸ್ತು ಬೇರಿನದ್ದಲ್ಲ, ಬೇರು ಆ ಗಿಡದ್ದಲ್ಲ! ನಾಲ್ಕು ತಿಂಗಳು.

ಮರುದಿನ ಅಜ್ಜಿಯೇ ನಮ್ಮ ತೋಟದ ಬೇಲಿಗೆ ಕರೆದುಕೊಂಡು ಹೋದಳು. ಎಲೆಯ ನಡುವೆ ಉದ್ದಕ್ಕೆ ಬಿಳಿ ಗೆರೆ. "ಅದಕ್ಕೇ ಇದನ್ನ ನಾಮದ ಬೇರು ಅನ್ನೋದು" ಅಂದಳು. ಎಲೆ ಕಿತ್ತರೆ ಹಾಲು. ಹೂವಿದ್ದ ಒಂದು ಬಳ್ಳಿಯನ್ನು ಪೇಪರ್ ಮಧ್ಯೆ ಒತ್ತಿಟ್ಟೆ. ಎಲ್ಲಿ, ಯಾವ ದಿನ ಅಂತ ಬರೆದೆ. ಸಸ್ಯಶಾಸ್ತ್ರದ ಮೇಷ್ಟ್ರು ನೋಡಿ ಹೆಮಿಡೆಸ್ಮಸ್ ಇಂಡಿಕಸ್ ಅಂತ ಖಾತ್ರಿ ಮಾಡಿದರು. ಮೊದಲ ದಿನವೇ ಮಾಡಬೇಕಿದ್ದ ಕೆಲಸ.

ಬೇರು ಬಿಸಿಲಿಗೆ ಹಾಕಲು ಹೋದರೆ ಅಜ್ಜಿ ಬೈದಳು. ನೆರಳಲ್ಲಿ ಒಣಗಿಸಬೇಕು, ಕುದಿಸಿ ಕೂರಬಾರದು, ಘಮ ಹಾರಿಹೋಗುತ್ತೆ ಅಂತ. ಆಗ ಮೇಡಂ ಪಾಠದಲ್ಲಿ ಹೇಳಿದ್ದು ನೆನಪಾಯಿತು. ಚೀನಾದ ತು ಯೂಯೂ ಮಲೇರಿಯಾಕ್ಕೆ ಮದ್ದು ಹುಡುಕುವಾಗ ಅವರು ಒಂದು ಸೊಪ್ಪಿನಿಂದ ತೆಗೆದ ಸಾರ ಒಮ್ಮೆ ಕೆಲಸ ಮಾಡಿದರೆ ಇನ್ನೊಮ್ಮೆ ಮಾಡುತ್ತಿರಲಿಲ್ಲ. ನಾಲ್ಕನೇ ಶತಮಾನದ ವೈದ್ಯ ಗೆ ಹಾಂಗ್ ಆ ಸೊಪ್ಪನ್ನು ನೀರಲ್ಲಿ ನೆನೆಸಿ ಹಿಂಡಿ ಕುಡಿಯಿರಿ ಅಂತ ಬರೆದಿದ್ದ. ಕುದಿಸಿ ಅಂದಿರಲಿಲ್ಲ. ಬಿಸಿಗೇ ಹಾಳಾಗುತ್ತಿರಬಹುದು ಅಂತ ಅನುಮಾನ ಬಂದು, ಆಕೆ ಸುಮಾರು 35 ಡಿಗ್ರಿಗೇ ಕುದಿಯುವ ಈಥರ್ ಬಳಸಿದರು. ಅದರಿಂದ ಆರ್ಟೆಮಿಸಿನಿನ್ ಸಿಕ್ಕಿತು. 2015ರಲ್ಲಿ ನೊಬೆಲ್ ಬಂತು. ನಮ್ಮ ಅಜ್ಜಿಗೂ ಬರಬೇಕು ಅಂತ ನಾನೇನೂ ಹೇಳುತ್ತಿಲ್ಲ.

ಈ ಸಲ ಸಾಕ್ಸ್‌ಲೆಟ್ ಬಿಟ್ಟೆ. ಘಮವೇ ಬೇಕಿದ್ದರಿಂದ 300 ಗ್ರಾಂ ಒಣ ಪುಡಿಯ ಮೂಲಕ ನೀರಿನ ಹಬೆ ಹಾಯಿಸಿದೆ. ಎಲ್ಲವೂ ಗಾಜಿನದ್ದೇ, ಒಂದು ತುಂಡು ಪೈಪೂ ಇಲ್ಲ. ಡಿಸೆಂಬರ್ ಬೆಳಿಗ್ಗೆ, ಹಾಸನದ ನಲ್ಲಿ ನೀರು ಕೈ ಕೊರೆಯುತ್ತಿತ್ತು. ಕಂಡೆನ್ಸರ್‌ಗೆ ಅದಕ್ಕಿಂತ ಒಳ್ಳೆಯದು ಬೇಡ. ಎರಡು ಗಂಟೆಯ ನಂತರ ಹಾಲು ಬಣ್ಣದ ನೀರು ಇಳಿಯತೊಡಗಿತು. ಅದನ್ನು ಈಥರ್‌ನಲ್ಲಿ ಎಳೆದು, ಈಥರ್ ಆರಲು ಬಿಟ್ಟು ಫ್ರಿಜ್‌ನಲ್ಲಿಟ್ಟೆ. ಮರುದಿನ ತಳದಲ್ಲಿ ಬಿಳಿ ಸೂಜಿಗಳು. ಅರ್ಧ ಗ್ರಾಂ ಕೂಡ ಇರಲಿಲ್ಲ, ಇಡೀ ಲ್ಯಾಬ್ ಶರಬತ್ತಿನ ಅಂಗಡಿಯಾಗಿತ್ತು.

42 ಡಿಗ್ರಿಗೆ ಕರಗಿತು. ಫೆರಿಕ್ ಕ್ಲೋರೈಡ್ ಹಾಕಿದರೆ ನೇರಳೆ. ಅಣುತೂಕ 152. ಹೆಸರು 2-ಹೈಡ್ರಾಕ್ಸಿ-4-ಮೆಥಾಕ್ಸಿ ಬೆಂಜಾಲ್ಡಿಹೈಡ್. ಐಸ್‌ಕ್ರೀಮಿನ ವೆನಿಲಿನ್‌ಗೆ ಇದು ದಾಯಾದಿ. ಪರಮಾಣುಗಳ ಲೆಕ್ಕ ಒಂದೇ, ಜೋಡಣೆ ಬೇರೆ. ವೆನಿಲಿನ್ 80 ಡಿಗ್ರಿ ದಾಟಿದ ಮೇಲೆ ಕರಗುತ್ತದೆ. ಹೊಸ ವಸ್ತುವೇನಲ್ಲ, ದಶಕಗಳಿಂದ ಗೊತ್ತಿರುವುದೇ. ಆದರೂ ಈ ಸಲ ಅದು ಗಿಡದ್ದೇ ಆಗಿತ್ತು.

ಕೊನೆಗೆ ಸೊಗದೆಯ ಹಬೆ ಎಣ್ಣೆ, ಮಾಕಳಿಯ ಹಬೆ ಎಣ್ಣೆ ಎರಡನ್ನೂ ಒಂದೇ ಟಿಎಲ್‌ಸಿ ಪ್ಲೇಟ್ ಮೇಲೆ ಪಕ್ಕಪಕ್ಕದಲ್ಲಿ ಏರಿಸಿದೆ. ದೊಡ್ಡ ಚುಕ್ಕಿ ಎರಡರಲ್ಲೂ ಅದೇ ಎತ್ತರದಲ್ಲಿ. ಎರಡೂ ಬೇರಿನ ಘಮ ಒಂದೇ ಅಣುವಿನದು. ಅದನ್ನೊಂದೇ ಅಳೆದು ಇದು ಅಸಲಿ ಸೊಗದೆ ಅಂತ ಚೀಟಿ ಕೊಡೋಕೆ ಆಗೋದಿಲ್ಲ. ಬೇರಿನ ಅಡ್ಡ ಸೀಳನ್ನು ಮೈಕ್ರೋಸ್ಕೋಪ್‌ನಲ್ಲಿ ನೋಡಬೇಕು, ಬೇರೆ ಚುಕ್ಕಿಗಳನ್ನು ಹೋಲಿಸಬೇಕು.

ಈಗ ನಾನೇ ಪಾಠ ಮಾಡುತ್ತೇನೆ. ಪ್ರಾಜೆಕ್ಟ್‌ಗೆ ಬರುವ ಹುಡುಗರ ಕೈಗೆ ಮೊದಲ ದಿನ ಎರಡು ಒಣ ಬೇರಿನ ಚೂರು ಕೊಡುತ್ತೇನೆ. ಲ್ಯಾಬ್ ಒಳಗೆ ಏನನ್ನೂ ಬಾಯಿಗೆ ಹಾಕುವ ಹಾಗಿಲ್ಲ. ಹಾಗಾಗಿ ಎಲ್ಲರೂ ಹೊರಗೆ ಮೆಟ್ಟಿಲ ಮೇಲೆ ಕೂತು ಜಗಿಯುತ್ತಾರೆ. ಒಳಗೆ ಬಂದು ಮೊದಲು ಮಾಡಬೇಕಾದ್ದು ಬೇರಿಲ್ಲದ ಖಾಲಿ ಕಾಲಂ.