ಕಹಿಯಾದ ಅಂಜೂರ, ಕಲ್ಲಾದ ಮಾವು: ಮನೆಯಲ್ಲೇ ಕೆನೆ ಐಸ್ ಕ್ಯಾಂಡಿ ಕಲಿತ ಕಥೆ

ಮೊದಲ ಸಲ ಮಾಡಿದ ಅಂಜೂರದ ಕ್ಯಾಂಡಿಯನ್ನು ನನ್ನ ಸಣ್ಣ ಮಗ ಒಂದು ಸಲ ನೆಕ್ಕಿ ಮುಖ ಕಿವುಚಿದ. "ಅಮ್ಮಾ, ಇದಕ್ಕೆ ಹಾಗಲಕಾಯಿ ಹಾಕಿದೀಯಾ?" ಅಂದ. ತಮಾಷೆ ಮಾಡ್ತಿದ್ದಾನೆ ಅಂದುಕೊಂಡು ನಾನೂ ಒಂದು ತುಂಡು ಕಚ್ಚಿದೆ. ನಿಜವಾಗಲೂ ಕಹಿ. ಸಕ್ಕರೆ ಇದೆ, ಎಮ್ಮೆ ಹಾಲಿನ ಕೆನೆ ಇದೆ, ಬಾಯಲ್ಲಿಟ್ಟರೆ ಕರಗುವ ಹಣ್ಣಿದೆ, ಆದರೂ ನಾಲಿಗೆಯ ಹಿಂದೆ ಬೇವಿನೆಲೆ ಅಗಿದ ಹಾಗೆ. ಅಷ್ಟೂ ಕ್ಯಾಂಡಿ ಬಚ್ಚಲಿಗೆ ಹೋದವು.

ಆಮೇಲೆ ನಾನು ಮಾಡಿದ ಮೊದಲ ಕೆಲಸ ಅಂದರೆ ಹಾಲು ಹಾಕುವವನಿಗೆ ಬೈದದ್ದು. ಎಮ್ಮೆಗೆ ಏನು ಮೇವು ಹಾಕಿದೀಯಪ್ಪಾ, ಹಾಲು ಕಹಿ ಅಂತ. ಪಾಪ, ಅವನದೇನೂ ತಪ್ಪಿರಲಿಲ್ಲ. ಅದು ನನಗೆ ಗೊತ್ತಾಗಲು ಇನ್ನೂ ಹತ್ತು ದಿನ ಬೇಕಾಯಿತು.

ನಮ್ಮದು ಬಳ್ಳಾರಿ, ಕೌಲ್ ಬಜಾರ್ ಕಡೆ ಮನೆ. ಇಲ್ಲಿ ಏಪ್ರಿಲ್ ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಕೋಟೆ ಬೆಟ್ಟದ ಬಂಡೆ ಹಗಲೆಲ್ಲ ಕಾದು ರಾತ್ರಿ ಊಟದ ಹೊತ್ತಿನ ತನಕ ಬಿಸಿ ಉಗುಳುತ್ತದೆ. ರಜೆಯಲ್ಲಿ ಮನೆ ತುಂಬ ಮಕ್ಕಳು, ದಿನಕ್ಕೆ ಮೂರು ಸಲ ಐಸ್ ಬೇಕು ಅಂತ ಹಠ. ನಾವು ಚಿಕ್ಕವರಿದ್ದಾಗ ಐಸ್ ಅಂದರೆ ಸೈಕಲ್ ಹಿಂದಿನ ಡಬ್ಬಿಯಲ್ಲಿ ಬರುತ್ತಿದ್ದ ಕಡ್ಡಿ ಐಸ್. ನಾಲ್ಕು ಸಲ ಚೀಪಿದರೆ ಬಣ್ಣ, ಸಿಹಿ ಎಲ್ಲ ಬಾಯಿಗೆ ಬಂದು ಕೈಯಲ್ಲಿ ಬರೀ ಬಿಳಿ ಗಡ್ಡೆ ಉಳಿಯುತ್ತಿತ್ತು, ನೆನಪಿದೆ ಅಲ್ವಾ? ಅದು ಯಾಕೆ ಹಾಗಾಗುತ್ತದೆ ಅನ್ನುವುದು ಗೊತ್ತಾದರೆ ಮನೆ ಕ್ಯಾಂಡಿಯ ಅರ್ಧ ಗುಟ್ಟು ಗೊತ್ತಾದಂತೆ. ನೀರು ಹೆಪ್ಪುಗಟ್ಟುವಾಗ ಸಕ್ಕರೆಯನ್ನು ಒಳಗೆ ಸೇರಿಸಿಕೊಳ್ಳುವುದಿಲ್ಲ, ಹೊರಗೆ ತಳ್ಳುತ್ತದೆ. ನೀರು ಹರಳು ಹರಳಾಗಿ ಗಟ್ಟಿಯಾಗುತ್ತದೆ, ಪಾಕ ಆ ಹರಳುಗಳ ಸಂದಿಯಲ್ಲಿ ಕೂರುತ್ತದೆ. ಚೀಪಿದರೆ ಪಾಕ ಬರುತ್ತದೆ, ಹರಳು ಅಲ್ಲೇ ಇರುತ್ತದೆ.

ನನ್ನ ಮಾವಿನ ಕ್ಯಾಂಡಿ ಮೊದಲ ಸಲ ಕಲ್ಲಾಗಿದ್ದೂ ಇದಕ್ಕೇ. ಹಣ್ಣು ರುಬ್ಬಿ, ಸುಮ್ನೆ ಪಾಕೆಟ್ ಹಾಲು ಸುರಿದು, ಸಕ್ಕರೆ ಹಾಕಿ, ಲೋಟಕ್ಕೆ ಹುಯ್ದು ಫ್ರೀಜರಿಗೆ ಇಟ್ಟಿದ್ದೆ. ಹಾಲಿನಲ್ಲಿ ನೂರಕ್ಕೆ 87ರಷ್ಟು ನೀರೇ, ಮಾವಿನಲ್ಲೂ 80ರ ಮೇಲೆ ನೀರು. ಅಂದರೆ ನಾನು ಇಟ್ಟಿದ್ದು ಬಣ್ಣದ ನೀರು! ಕಚ್ಚಿದರೆ ಹಲ್ಲು ಝುಮ್ ಅನ್ನಬೇಕು, ಹಾಗಾಗಿತ್ತು. ಮುಂದಿನ ಸಲ ಹುಷಾರಾಗುತ್ತೇನೆ ಅಂತ ಸಕ್ಕರೆ ದುಪ್ಪಟ್ಟು ಹಾಕಿದೆ. ಅದು ಗಟ್ಟಿಯೇ ಆಗಲಿಲ್ಲ. ಕಡ್ಡಿ ಎಳೆದರೆ ಕಡ್ಡಿ ಮಾತ್ರ ಕೈಗೆ ಬಂತು. ಸಕ್ಕರೆ ಜಾಸ್ತಿಯಾದಷ್ಟೂ ಹೆಪ್ಪುಗಟ್ಟಲು ಇನ್ನೂ ಜಾಸ್ತಿ ತಣ್ಣಗಿರಬೇಕು, ಮನೆ ಫ್ರಿಜ್‌ಗೆ ಅಷ್ಟು ಶಕ್ತಿ ಇಲ್ಲ.

ಮೂರನೆಯ ಸಲ ಕೆನೆ. ಹಾಲಿನವನ ಎಮ್ಮೆ ಹಾಲು ಕಾಯಿಸಿ ಆರಿಸಿ, ಮೇಲಿನ ದಪ್ಪ ಕೆನೆ ತೆಗೆದು, ಮಾವಿನ ಜೊತೆ ಮಿಕ್ಸಿಗೆ ಹಾಕಿ ನುಣ್ಣಗಾಗಲಿ ಅಂತ ಗುರ್ ಅಂತ ತಿರುಗಿಸಿದೆ. ಮುಚ್ಚಳ ತೆಗೆದರೆ ಹಳದಿ ಬೆಣ್ಣೆ ಮುದ್ದೆ ತೇಲುತ್ತಿದೆ. ನಮ್ಮತ್ತೆ ಬಾಗಿಲಲ್ಲಿ ನಿಂತು ನೋಡಿ, "ಬೆಣ್ಣಿ ತೆಗಿಯೋಕೆ ಕಡಗೋಲು ಸಾಕಾಗಿತ್ತಲ್ಲಮ್ಮ, ಮಾವಿನಹಣ್ಣು ಯಾಕೆ ಕೆಡಿಸಿದಿ" ಅಂದರು. ಅವತ್ತು ರಾತ್ರಿ ಚಪಾತಿಗೆ ಮಾವಿನ ಬೆಣ್ಣೆ. ರುಚಿ ಚೆನ್ನಾಗೇ ಇತ್ತು, ಅದು ಬೇರೆ ಮಾತು.

ಈಗ ನಾನು ಮಾಡುವ ರೀತಿ ಹೇಳ್ತೀನಿ. ಅರ್ಧ ಲೀಟರ್ ಗಟ್ಟಿ ಹಾಲು ತಗೊಳ್ಳಿ. ಪಾಕೆಟ್ ಆದರೆ ನೂರಕ್ಕೆ 6 ಕೊಬ್ಬಿರುವ ಫುಲ್ ಕ್ರೀಮ್ ಹಾಲೇ ಬೇಕು, 3 ಇರುವ ಟೋನ್ಡ್ ಹಾಲು ಚಹಾಕ್ಕಿರಲಿ. ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಅರ್ಧಕ್ಕೆ ಇಳಿಯುವ ತನಕ ಕೈಯಾಡಿಸುತ್ತಾ ಕಾಯಿಸಿ, ಬದಿಗೆ ಅಂಟುವ ಕೆನೆಯನ್ನು ಕೆರೆದು ಒಳಗೇ ಹಾಕುತ್ತಾ ಇರಿ, ಇದಕ್ಕೆ ಅರ್ಧ ಗಂಟೆ ಹಿಡಿಯುತ್ತದೆ, ಆ ಹೊತ್ತಿನಲ್ಲಿ ಫೋನ್ ನೋಡಿದರೆ ತಳ ಹತ್ತುವುದು ಖಾತ್ರಿ. ಕೊನೆಗೆ ಒಂದು ಚಮಚ ಕಾರ್ನ್‌ಫ್ಲೋರ್ ತಣ್ಣನೆ ಹಾಲಲ್ಲಿ ಕದಡಿ ಸೇರಿಸಿ ಎರಡು ನಿಮಿಷ ಕುದಿಸುತ್ತೇನೆ, ಉಳಿದ ನೀರನ್ನು ಅದು ಹಿಡಿದುಕೊಳ್ಳುತ್ತದೆ. 80 ಗ್ರಾಂ ಸಕ್ಕರೆ, ಒಂದು ಚಿಟಿಕೆ ಉಪ್ಪು. ಬಿಸಿಯಲ್ಲಿ ರುಚಿ ನೋಡಿದರೆ ಸ್ವಲ್ಪ ಅತಿ ಸಿಹಿ ಅನಿಸಬೇಕು, ತಣ್ಣಗಾದ ಮೇಲೆ ನಾಲಿಗೆಗೆ ಸಿಹಿ ಕಮ್ಮಿ ತಿಳಿಯುತ್ತದೆ.

ಇದು ಪೂರ್ತಿ ಆರಿದ ಮೇಲೆ 200 ಮಿಲೀ ಕೆನೆ. ಅಂಗಡಿಯ ಪಾಕೆಟ್ ಕ್ರೀಮ್ ಆದರೂ ನಡೆಯುತ್ತದೆ, ಅದರಲ್ಲಿ ನೂರಕ್ಕೆ 25 ಕೊಬ್ಬು. ಮನೆ ಕೆನೆ ಆದರೆ ಅವತ್ತಿನದೇ ಆಗಬೇಕು. ತುಪ್ಪಕ್ಕೆ ಅಂತ ವಾರಗಟ್ಟಲೆ ಕೂಡಿಟ್ಟ ಕೆನೆ ಹುಳಿ ವಾಸನೆ ಬಂದಿರುತ್ತದೆ, ಮಾವು ಅದನ್ನು ಮುಚ್ಚಲ್ಲ. ಮಿಕ್ಸಿಗೆ ಹಾಕಲೇಬೇಡಿ, ಜರಡಿಯಲ್ಲಿ ಒತ್ತಿ ತೆಗೆದು ಚಮಚದಲ್ಲಿ ಬೆರೆಸಿ. ಮಾವಿನ ರಸ 400 ಗ್ರಾಂ, ಅದನ್ನು ಮಾತ್ರ ಮಿಕ್ಸಿಯಲ್ಲಿ ರುಬ್ಬಿ ನಾರು ಸೋಸಿ. ನಾನು ಕೊಪ್ಪಳ ಕಡೆಯಿಂದ ಬರುವ ಕೇಸರ್ ಹಾಕುತ್ತೇನೆ. ನಾರು ಕಮ್ಮಿ, ಬಣ್ಣ ತಾನೇ ಬರುತ್ತದೆ. ರಸಪುರಿ ತಿನ್ನಲು ಚೆನ್ನ, ಆದರೆ ನೀರು ಜಾಸ್ತಿ, ಅದನ್ನು ಬಾಣಲೆಯಲ್ಲಿ ಸ್ವಲ್ಪ ಬಾಡಿಸಿಯೇ ಹಾಕಬೇಕು. ಬಿಸಿ ಹಾಲಿಗೆ ಮಾತ್ರ ಮಾವಿನ ರಸ ಸುರಿಯಬೇಡಿ, ಹುಳಿಗೆ ಹಾಲು ಒಡೆಯುತ್ತದೆ.

ನಮ್ಮ ಮನೆಯವರು ಲೆಕ್ಕದಲ್ಲಿ ಗಟ್ಟಿ. ಎಲ್ಲ ಕೂಡಿಸಿ ಭಾಗಿಸಿ, ನಿನ್ನ ಕ್ಯಾಂಡಿಯಲ್ಲಿ ನೂರಕ್ಕೆ ಎಂಟು ಎಂಟೂವರೆ ಕೊಬ್ಬಿದೆ ಅಂದರು. ನಮ್ಮ ದೇಶದ ಆಹಾರ ನಿಯಮದಲ್ಲಿ ಐಸ್‌ಕ್ರೀಂ ಅಂತ ಬರೆಯಲು ಹಾಲಿನ ಕೊಬ್ಬು ನೂರಕ್ಕೆ 10 ಇರಬೇಕು, ಅದಕ್ಕಿಂತ ಕಮ್ಮಿ ಇದ್ದರೆ ಮೀಡಿಯಂ ಫ್ಯಾಟ್, ತೀರಾ ಕಮ್ಮಿ ಇದ್ದರೆ ಲೋ ಫ್ಯಾಟ್ ಅಂತ ಬರೆಯಬೇಕು. ಎಣ್ಣೆ ಕೊಬ್ಬು ಹಾಕಿದರೆ ಅದು ಫ್ರೋಝನ್ ಡೆಸರ್ಟ್. ಕಡ್ಡಿ ಕೊಳ್ಳುವಾಗ ಕವರ್ ತಿರುಗಿಸಿ ಆ ಸಣ್ಣ ಅಕ್ಷರ ಒಮ್ಮೆ ಓದಿ ನೋಡಿ, ನಾನಂತೂ ಈಗ ಓದದೆ ಕೊಳ್ಳಲ್ಲ.

ಅಚ್ಚಿಗೆ ದುಡ್ಡು ಹಾಕಬೇಡಿ. ಮನೆಯ ಸಣ್ಣ ಸ್ಟೀಲ್ ಲೋಟವೇ ಬೆಸ್ಟ್, ಸ್ಟೀಲ್ ಬೇಗ ತಣ್ಣಗಾಗುತ್ತದೆ, ಬೇಗ ಗಟ್ಟಿಯಾದರೆ ಹರಳು ಸಣ್ಣದಾಗುತ್ತದೆ. ಈ ಅಳತೆಗೆ 70–75 ಮಿಲೀ ಹಿಡಿಯುವ ಹನ್ನೆರಡು ಲೋಟ ತುಂಬುತ್ತವೆ. ಮೊದಲೇ ಕಡ್ಡಿ ಚುಚ್ಚಿದರೆ ವಾಲಿಕೊಂಡು ಬೀಳುತ್ತದೆ, ಒಂದು ಗಂಟೆ ಬಿಟ್ಟು ಅರ್ಧ ಗಟ್ಟಿಯಾದಾಗ ಚುಚ್ಚಿ. ಆಮೇಲೆ ರಾತ್ರಿಯೆಲ್ಲ ಇರಲಿ. ತೆಗೆಯುವಾಗ ಲೋಟವನ್ನು ಬೆಚ್ಚಗಿನ ನೀರಲ್ಲಿ ಅದ್ದಬೇಕು ಅಂತಾರೆ. ಬಳ್ಳಾರಿಯಲ್ಲಿ ಆ ತಾಪತ್ರಯ ಇಲ್ಲ, ಮಧ್ಯಾಹ್ನ ನಲ್ಲಿ ತಿರುಗಿಸಿದರೆ ಮಾಳಿಗೆ ಮೇಲಿನ ಟ್ಯಾಂಕಿನಿಂದ ಸ್ನಾನದ ನೀರೇ ಬರುತ್ತದೆ, ನಾಲ್ಕು ಸೆಕೆಂಡು ಹಿಡಿದರೆ ಸಾಕು.

ಈ ಕಡ್ಡಿ ಐಸ್ ಹುಟ್ಟಿದ ಕಥೆಯೂ ಒಂದಿದೆ. 1905ರಲ್ಲಿ ಅಮೆರಿಕದ ಫ್ರಾಂಕ್ ಎಪ್ಪರ್ಸನ್ ಅನ್ನುವ 11 ವರ್ಷದ ಹುಡುಗ ಸೋಡಾ ಪುಡಿ ಕಲಸಿದ ಲೋಟವನ್ನು ಕಲಸುವ ಕಡ್ಡಿ ಸಮೇತ ರಾತ್ರಿ ಹೊರಗೇ ಮರೆತನಂತೆ, ಬೆಳಗ್ಗೆ ನೋಡಿದರೆ ಹೆಪ್ಪುಗಟ್ಟಿತ್ತಂತೆ. ದೊಡ್ಡವನಾದ ಮೇಲೆ 1924ರಲ್ಲಿ ಅದಕ್ಕೆ ಪೇಟೆಂಟ್ ತಗೊಂಡ. ನಮ್ಮೂರಲ್ಲಿ ಮರೆತು ಬಂದಿದ್ದರೆ ಬೆಳಗ್ಗೆ ಲೋಟದಲ್ಲಿ ಇರುವೆ ಸಿಗುತ್ತಿತ್ತು.

ಈಗ ಅಂಜೂರದ ವಿಷಯ. ಬಳ್ಳಾರಿಯವರಿಗೆ ಅಂಜೂರ ಅಂದರೆ ಸ್ವಲ್ಪ ಜಂಬವೇ, ನಮ್ಮ ಊರಿನ ಹೆಸರಲ್ಲೇ ಒಂದು ತಳಿ ಇದೆ. ತಳ್ಳುಗಾಡಿಯವನು ಎಲೆ ಹಾಸಿ ಜೋಡಿಸಿಟ್ಟಿರುತ್ತಾನೆ. "ಅಕ್ಕಾ, ಇವತ್ತೇ ತಿಂದುಬಿಡ್ರಿ, ನಾಳೆಗೆ ಉಳಿಯಲ್ಲ" ಅಂತ ಅವನೇ ಹೇಳುತ್ತಾನೆ. ಉಳಿಯದ ಹಣ್ಣನ್ನು ಕ್ಯಾಂಡಿ ಮಾಡಿ ಉಳಿಸೋಣ ಅನ್ನುವುದು ನನ್ನ ಆಸೆ.

ಕಹಿಯಾದ ಹತ್ತು ದಿನದ ಮೇಲೆ ಪಪ್ಪಾಯಿ ಹಾಕಿ ಮಾಡಿದೆ. ಅದೂ ಕಹಿ! ಹಾಲು ಬೇರೆ, ಪಾಕೆಟ್‌ದು. ಆಗ ತಲೆಗೆ ಹೊಳೆಯಿತು. ಅಂಜೂರದ ತೊಟ್ಟು ಮುರಿದರೂ ಬಿಳಿ ಹಾಲು, ಪಪ್ಪಾಯಿ ಗೀರಿದರೂ ಬಿಳಿ ಹಾಲು. ಮಾಂಸ ಬೇಗ ಬೇಯಲಿ ಅಂತ ಪಪ್ಪಾಯಿ ಕಾಯಿ ಹಾಕುವುದು ಗೊತ್ತಲ್ಲ, ಅದೇ ಕೆಲಸ ಇಲ್ಲೂ ನಡೆದಿತ್ತು. ಪಪ್ಪಾಯಿಯಲ್ಲಿ ಪಪೇನ್, ಅಂಜೂರದಲ್ಲಿ ಫಿಸಿನ್ ಅನ್ನುವ ಕಿಣ್ವ ಇದೆ. ಎರಡೂ ಹಾಲಿನ ಪ್ರೋಟೀನನ್ನು ಕತ್ತರಿಸುತ್ತವೆ, ಆ ತುಂಡುಗಳೇ ಕಹಿ. ಹಣ್ಣು ಹಾಲಿನಲ್ಲಿ ಎಷ್ಟು ಹೊತ್ತು ಇದ್ದರೆ ಕಹಿ ಅಷ್ಟು ಜಾಸ್ತಿ. ನಾನು ಮಾಡಿದ್ದೇನು? ರುಬ್ಬಿ ಕಲಸಿ, ಅಡುಗೆಮನೆ ಕಟ್ಟೆ ಮೇಲೆ ಎರಡು ಗಂಟೆ ಬಿಟ್ಟು, ಸಾವಕಾಶ ಲೋಟಕ್ಕೆ ತುಂಬಿದ್ದೆ. ಅನಾನಸ್‌ಗೆ ತೊಟ್ಟಿನ ಹಾಲಿಲ್ಲ, ಆದರೆ ಅದೂ ಇದೇ ಜಾತಿ.

ಪರಿಹಾರ ಸುಲಭ. ಕುದಿಸಿದರೆ ಕಿಣ್ವ ಸಾಯುತ್ತದೆ. ಅರ್ಧ ಕಿಲೋ ಅಂಜೂರದ ತೊಟ್ಟು ಕತ್ತರಿಸಿ ಬಿಸಾಕಿ, ಆ ಹಾಲು ತುಟಿಗೆ ತಾಗಿದರೆ ಉರಿಯುತ್ತದೆ. ಹಣ್ಣು ನಾಲ್ಕು ಭಾಗ ಮಾಡಿ, 60 ಗ್ರಾಂ ಸಕ್ಕರೆ, ನಾಲ್ಕು ಹನಿ ನಿಂಬೆರಸ ಹಾಕಿ ಜಾಮ್ ಹದಕ್ಕೆ ಬರುವ ತನಕ ಹದಿನೈದು ನಿಮಿಷ ಬೇಯಿಸಿ. ನೀರೂ ಹೋಗುತ್ತದೆ, ಕಹಿಯೂ ಹೋಗುತ್ತದೆ, ಒಂದೇ ಉರಿಯಲ್ಲಿ ಎರಡು ಕೆಲಸ. ಪೂರ್ತಿ ಆರಿದ ಮೇಲೆ ಮೇಲೆ ಹೇಳಿದ ಇಳಿಸಿದ ಹಾಲು ಮತ್ತು 150 ಮಿಲೀ ಕೆನೆಗೆ ಸೇರಿಸಿ. ಹಾಲಿಗೆ ಸಕ್ಕರೆ ಮಾತ್ರ ಎರಡೇ ಚಮಚ. ನುಣ್ಣಗೆ ರುಬ್ಬಬೇಡಿ, ಆ ಸಣ್ಣ ಬೀಜ ಹಲ್ಲಿಗೆ ಕರುಕುರು ಅನ್ನುವುದೇ ಅಂಜೂರದ ಮಜಾ. ಅನುಮಾನ ಇದ್ದರೆ ಬಟ್ಟಲಲ್ಲಿ ಒಂದು ಚಮಚ ಹಣ್ಣು, ಎರಡು ಚಮಚ ಹಾಲು ಕಲಸಿ ಒಂದು ಗಂಟೆ ಬಿಟ್ಟು ರುಚಿ ನೋಡಿ. ಹೊಸ ಹಣ್ಣು ಯಾವುದೇ ಇರಲಿ, ನಾನು ಈಗ ಇದನ್ನು ಮಾಡದೆ ಮುಂದೆ ಹೋಗಲ್ಲ. ಹಾಲಿನವನಿಗೆ ಎರಡು ಕ್ಯಾಂಡಿ ಕೊಟ್ಟು ತಪ್ಪಾಯ್ತಪ್ಪಾ ಅಂದೆ. ಅವನಿಗೆ ಬೈದದ್ದೇ ಮರೆತುಹೋಗಿತ್ತು.

ಕರೆಂಟ್ ಬಗ್ಗೆ ಹೇಳಲೇಬೇಕು. ಒಮ್ಮೆ ನಾದಿನಿ ಮನೆಯವರೆಲ್ಲ ಬರುವ ದಿನವೇ ಮಧ್ಯಾಹ್ನ ಹೋದದ್ದು ಬರಲೇ ಇಲ್ಲ. ಆಗ ಅತ್ತೆ ಹೇಳಿದ್ದು ಹಳೇ ಕುಲ್ಫಿಯವರ ದಾರಿ. ಮೂರು ಕಿಲೋ ಐಸ್ ಗಡ್ಡೆ ತರಿಸಿ, ಗೋಣಿಚೀಲದಲ್ಲಿ ಸುತ್ತಿ ಕುಟ್ಟಿ, ಒಂದು ಕಿಲೋ ಕಲ್ಲುಪ್ಪು ಬೆರೆಸಿ ದೊಡ್ಡ ಬಕೆಟ್‌ಗೆ ಹಾಕಿದೆವು. ಉಪ್ಪು ಬಿದ್ದ ಐಸ್ ಕರಗುತ್ತದೆ, ಕರಗಲು ಬೇಕಾದ ಬಿಸಿಯನ್ನು ಸುತ್ತಲಿನಿಂದಲೇ ಎಳೆದುಕೊಳ್ಳುತ್ತದೆ, ಹದ ಸರಿಯಿದ್ದರೆ ಸೊನ್ನೆಗಿಂತ 21 ಡಿಗ್ರಿ ಕೆಳಗಿನ ತನಕ ಹೋಗುತ್ತದೆ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗಳಲ್ಲಿ ಕ್ಯಾಂಡಿ ಹಾಲು ತುಂಬಿ, ಮುಚ್ಚಳದ ಸುತ್ತ ಗೋಧಿ ಹಿಟ್ಟು ಮೆತ್ತಿ ಹೂತಿಟ್ಟೆವು. ಹಿಟ್ಟು ಯಾಕೆ ಅಂದರೆ ಆ ಗಡ್ಡೆ ತಿನ್ನುವ ಐಸ್ ಅಲ್ಲ, ಉಪ್ಪುನೀರಿನ ಒಂದು ಹನಿಯೂ ಒಳಗೆ ಹೋಗಬಾರದು. ಬಕೆಟ್ ಸುತ್ತ ಜೀನ್ಸ್ ಬಟ್ಟೆ. ನಮ್ಮ ಮನೆಯವರು ಜೀನ್ಸ್ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ಟರ್, ದಪ್ಪ ಬಟ್ಟೆ ತುಂಡಿಗೆ ಬರ ಇಲ್ಲ. ನಾಲ್ಕು ಪದರ ಸುತ್ತಿ ಕಟ್ಟಿದರೆ ಥರ್ಮಕೋಲ್ ಡಬ್ಬಿ ಇಲ್ಲದೆಯೂ ನಡೆಯುತ್ತದೆ. ಆಗಾಗ ಅಲುಗಾಡಿಸುತ್ತಾ ಎರಡು ಗಂಟೆಗೆ ಗಟ್ಟಿಯಾಯಿತು, ನಿಜ ಹೇಳಬೇಕೆಂದರೆ ಫ್ರಿಜ್‌ನದಕ್ಕಿಂತ ನುಣುಪಾಗಿತ್ತು. ಫ್ರೀಜರಿನಲ್ಲಿದ್ದ ಹಳೇ ಕ್ಯಾಂಡಿಗಳು ಪೂರ್ತಿ ಕರಗಿ ಬೆಚ್ಚಗಾಗಿದ್ದವು, ಅವನ್ನು ಮತ್ತೆ ಗಟ್ಟಿ ಮಾಡಲಿಲ್ಲ. ಹಾಲಿನ ಪದಾರ್ಥದಲ್ಲಿ ಆ ಜಿಪುಣತನ ಬೇಡ.

ಅಂಜೂರ ಕುದಿಸಿ ಗೆದ್ದೆ ಅಂತ ಎಲ್ಲ ಹಣ್ಣನ್ನೂ ಕುದಿಸಲು ಹೋಗಬೇಡಿ. ಹೋದ ಅಕ್ಟೋಬರಿನಲ್ಲಿ ಸೀತಾಫಲದ ತಿರುಳು ಬಾಣಲೆಗೆ ಹಾಕಿದೆ, ಐದೇ ನಿಮಿಷ. ಸೀತಾಫಲ ಉಲ್ಟಾ ಹಣ್ಣು, ಹಸಿಯಾಗಿದ್ದಾಗ ಸಿಹಿ, ಬಿಸಿ ತಾಗಿದರೆ ಕಹಿ. ಅದನ್ನು ಬೀಜ ತೆಗೆದು ತಣ್ಣನೆ ಹಾಲಿಗೆ ಹಾಗೆಯೇ ಕಲಸಬೇಕು. ಸಣ್ಣ ಮಗ ಆ ಬಾಣಲೆಗೆ ಹಾಕಿ ಮಾಡಿದ್ದನ್ನೂ ನೆಕ್ಕಿ ನೋಡಿ, ಈ ಸಲ ಏನೂ ಕೇಳದೆ ಲೋಟವನ್ನು ವಾಪಸ್ ಕಟ್ಟೆ ಮೇಲಿಟ್ಟು ಆಡಲು ಹೋದ.